ಮುಚ್ಚಳದ ಮೇಲೊಬ್ಬ, ಕೆಳಗೊಬ್ಬಳು

ರೆತಾಮದ ಬಯಲು, ತೇಯ್ದೆ ಬೆಟ್ಟ
24 ಮೇ 1927

ಒತಿಲಿಯಾ,

ತಲುಪಿದೆ. ನಾನು, ನಿನ್ನಪ್ಪನ ಕಾಲದ ತಾಳೆಬೊಡ್ಡೆಯ ಜೇನುಗೂಡುಗಳು, ಹೇರು ಸಾಗಿಸುವ ಚಾನೊನ ಹೇಸರಗತ್ತೆ. ಇಷ್ಟು ಪ್ರಯಾಣಿಕರಲ್ಲಿ ದಾರಿಯುದ್ದಕ್ಕೂ ಗೊಣಗದೆ ಬಂದದ್ದು ಹೇಸರಗತ್ತೆ ಮಾತ್ರ. ಬೆಟ್ಟಕ್ಕೆ ತೇಯ್ದೆ ಎಂದು ಹೆಸರಿಟ್ಟವರು ಬುದ್ಧಿವಂತರು. ಹತ್ತಿದವನ ಚಪ್ಪಲಿಗೂ ಮಂಡಿಗೂ ಆಗುವುದು ಅದೇ.

ಪೈನ್ ಕಾಡಿನ ತನಕ ನಮ್ಮೂರ ಮೋಡ ಜೊತೆಗೇ ಬಂತು, ಬೀಳ್ಕೊಡಲು ಬಂದ ನೆಂಟರ ಹಾಗೆ, ಎಷ್ಟು ಹೇಳಿದರೂ ಹಿಂದಕ್ಕೆ ಹೋಗದೆ. ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಹೇಸರಗತ್ತೆಯ ಕಿವಿ ಕಾಣುತ್ತಿತ್ತು, ಹೇಸರಗತ್ತೆ ಕಾಣುತ್ತಿರಲಿಲ್ಲ. ಆಮೇಲೆ ಒಂದು ತಿರುವಿನಲ್ಲಿ ಮೋಡ ತಟ್ಟನೆ ಮುಗಿಯಿತು, ಹೊಸಿಲು ದಾಟಿದ ಹಾಗೆ. ಆಚೆಗೆ ಬಿಸಿಲು, ನೀಲಿ, ಹೂಬಿಟ್ಟ ರೆತಾಮದ ಪೊದೆಗಳು, ಮತ್ತು ಸೆಕೆ! ಮೇಲೆ ಹೋದಷ್ಟೂ ಚಳಿ ಎಂದು ಸೆಮಿನರಿಯ ಪಾದ್ರಿಗಳು ನನಗೆ ಕಲಿಸಿದ್ದರು. ನಿನ್ನನ್ನು ಕಟ್ಟಿಕೊಂಡರೆ ಸುಖವಿಲ್ಲ ಎಂದೂ ಕಲಿಸಿದ್ದರು. ಎರಡೂ ಸುಳ್ಳು. ಕಂಬಳಿ ತೆಗೆದೆ, ಕೋಟು ತೆಗೆದೆ, ಅಂಗಿಗೆ ಕೈಯಿಟ್ಟಾಗ ಚಾನೊ, "ಸಾಕು ಮಾರಾಯ, ಹೆಂಗಸ್ರು ಇಲ್ದಿದ್ರೂ ರಾಣಿಜೇನು ಇದಾವೆ" ಅಂದ.

ಈಗ ನಮ್ಮಿಬ್ಬರ ಜಾಣತನದ ವಿಷಯ. ಫೆಬ್ರವರಿಯಲ್ಲಿ, ಆಲೂಗಡ್ಡೆ ನೆಡುವಾಗ, ಬೆಟ್ಟ ಕೈಗೆಟುಕುವ ಹಾಗೆ ಕಾಣುತ್ತಿದ್ದ ದಿನ ಮಾಡಿಕೊಂಡ ಒಪ್ಪಂದ ನೆನಪಿದೆಯಲ್ಲ? ಭಾನುವಾರ ಸಂಜೆ ಪ್ರಾರ್ಥನೆಯ ಗಂಟೆಯ ಹೊತ್ತಿಗೆ ನಾನು ಬಂಡೆಯಂಚಿನಿಂದ ಕ್ಷೌರದ ಕನ್ನಡಿ ಮಿಂಚಿಸುವುದು, ನೀನು ಮಾಳಿಗೆಯಿಂದ ತಾಮ್ರದ ತಟ್ಟೆ ಮಿಂಚಿಸುವುದು, ಮಿಂಚಿದರೆ ಕ್ಷೇಮ. ಹುಟ್ಟಿದಾಗಿನಿಂದ ಈ ಬೂದು ಮೋಡದ ಕತ್ತೆಹೊಟ್ಟೆಯಡಿ ಬದುಕಿದ ಇಬ್ಬರಿಗೂ, ಬೇಸಿಗೆಯಿಡೀ ನಮ್ಮೂರಿಗೆ ಬೆಟ್ಟವಿರಲಿ ಸೂರ್ಯನೇ ಕಾಣುವುದಿಲ್ಲ ಎಂಬುದು ಹೊಳೆಯಲಿಲ್ಲ! ಮೊನ್ನೆ ಭಾನುವಾರ ಕನ್ನಡಿ ಹಿಡಿದು ಅಂಚಿಗೆ ಹೋದೆ. ಕೆಳಗೆ ದಿಗಂತದ ತನಕ ಬಿಳಿಯ ಸಮುದ್ರ. ಊರು, ಚರ್ಚಿನ ಗೋಪುರ, ನೀನು, ನಿನ್ನ ಕೋಪ ಎಲ್ಲ ಅದರಡಿ ಮುಳುಗಿವೆ. ಇನ್ನು ಕನ್ನಡಿ ಗಡ್ಡಕ್ಕೇ ಮೀಸಲು.

ಚರ್ಚಿನಲ್ಲಿ ನನ್ನ ಗಂಟೆಯನ್ನು ಈಗ ಯಾರು ಹೊಡೆಯುತ್ತಿದ್ದಾರೆ? ಹಗ್ಗವನ್ನು ಜಗ್ಗಬಾರದು, ಮಾತಾಡಿಸಬೇಕು ಎಂದು ಹೇಳು.

ಬಿಸಿಲಿನಲ್ಲಿ ಬೇಯುತ್ತಿರುವ
ಉಬಾಲ್ದೊ

*

ಲಾ ಫಾಯಾ
6 ಜೂನ್

ಉಬಾಲ್ದೊ,

ನಾಲ್ಕು ಹಾಳೆ ಬರೆದಿದ್ದೀಯ. ಹೇಸರಗತ್ತೆಯ ಕಿವಿ ಬಂತು, ಪಾದ್ರಿಗಳು ಬಂದರು, ರಾಣಿಜೇನು ಬಂತು. ನಾನು ಕೇಳಿ ಕಳಿಸಿದ್ದು ಒಂದೇ, ಅದು ಬರಲಿಲ್ಲ.

ಡಾಕ್ಟರು ಹೇಳಿದ್ದು ನೀನು ಮರೆತಿದ್ದರೆ ನಾನು ಮರೆತಿಲ್ಲ. "ಒಂದು ಬೇಸಿಗೆ ಮೋಡದ ಮೇಲಿರ್ಲಿ. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಕೆಮ್ಮು ನಿಂತಿದ್ರೆ ಸರಿ. ನಿಲ್ದಿದ್ರೆ ಇನ್ನೊಂದು ಚಳಿಗಾಲದ ಮಾತು ನನ್ನ ಕೇಳ್ಬೇಡಿ." ಜನವರಿಯಲ್ಲಿ ನಿನ್ನ ಕರವಸ್ತ್ರದಲ್ಲಿ ನಾನು ಕಂಡದ್ದನ್ನೂ ಮರೆತಿಲ್ಲ, ಎಷ್ಟು ಸಲ ಒಗೆದರೂ.

ಊರಲ್ಲಿ ಎದೆರೋಗ ಎಂದು ಯಾರೂ ಬಾಯಿಬಿಡುವುದಿಲ್ಲ, ನಿನಗೆ ಗೊತ್ತು. "ಜೇನಿನ ಜೊತೆ ಹೋಗಿದಾನೆ" ಅನ್ನುತ್ತಾರೆ. ಹೋದ ವರ್ಷ ಪಕ್ಕದ ಮನೆ ಫೆಫಾಳ ಗಂಡ ಸಿಪ್ರಿಯಾನೊ ಜೇನಿನ ಜೊತೆ ಹೋದ, ಆಗಸ್ಟಿನಲ್ಲಿ ಹಲಗೆಯ ಮೇಲೆ ಇಳಿದ. ಈಗ ಅವಳು ದಿನಾ ಬೇಲಿಗೆ ಬಂದು ನಿಲ್ಲುತ್ತಾಳೆ.

"ಜೇನು ಹೆಂಗಿದೆ ಒತಿಲಿಯಾ?"

"ಚೆನ್ನಾಗಿದೆ."

"ಸಿಪ್ರಿಯಾನೊಂದೂ ಚೆನ್ನಾಗೇ ಇತ್ತು ಕಣೆ."

ಅವಳದ್ದು ಕೆಟ್ಟ ಮನಸ್ಸಲ್ಲ. ಅದಕ್ಕೇ ಹೆದರಿಕೆ ಹೆಚ್ಚು.

ಇಲ್ಲಿ ಸೂರ್ಯನಿಲ್ಲ. ಹಾಸಿಗೆ ಹಿಂಡಿದರೆ ನೀರು ಬರುತ್ತದೆ, ನಿನ್ನ ಭಾನುವಾರದ ಬೂಟಿಗೆ ಬೂಷ್ಟು ಬಂದಿದೆ, ಮೇಕೆ ಕೂಡ ಮುಖ ಗಂಟಿಕ್ಕಿಕೊಂಡಿದೆ. ಗಂಟೆಯನ್ನು ಬಡಗಿ ಹೊಡೆಯುತ್ತಾನೆ, ಮೊಳೆ ಹೊಡೆದ ಹಾಗೆ. ಊರವರ ಬಾಯಲ್ಲಿ ನೀನು ಕೆಮ್ಮಣ್ಣ. ಕೆಮ್ಮಣ್ಣ ಕೆಮ್ಮದೆ ಪ್ರವಚನ ಎಲ್ಲಿ ನಿಲ್ಲಿಸಬೇಕೆಂದು ಪಾದ್ರಿಗೇ ತಿಳಿಯುವುದಿಲ್ಲವಂತೆ. ಹೋದ ವಾರ ಹಸಿವಾಗುವ ತನಕ ಮಾತಾಡಿದರು.

ಕನ್ನಡಿಯ ಹುಚ್ಚಾಟ ಬಿಟ್ಟದ್ದು ಒಳ್ಳೆಯದಾಯಿತು. ನಾನು ಭಾನುವಾರ ಸಂಜೆ ತಟ್ಟೆ ಹಿಡಿದು ಮಾಳಿಗೆಗೆ ಹೋದದ್ದು ಬೆಳಗುವುದಕ್ಕೆ, ಬೇರೇನಕ್ಕೂ ಅಲ್ಲ.

ಒಂದು ಸಾಲು ಬರೆ. ಕೆಮ್ಮು ಇದೆಯೋ, ಇಲ್ಲವೋ.

ಒತಿಲಿಯಾ

*

ರೆತಾಮದ ಬಯಲು
20 ಜೂನ್

ಒತಿಲಿಯಾ,

ಇಲ್ಲಿಂದ ಸ್ವಲ್ಪ ದೂರದಲ್ಲಿ ಹವೆ ಅಳೆಯುವವರ ಮನೆಯಿದೆ. ಅಲ್ಲಿನ ತರುಣ ಫರ್ಮೀನ್ ನನ್ನಿಂದ ಜೇನುತುಪ್ಪ ಒಯ್ಯುತ್ತಾನೆ, ಬದಲಿಗೆ ವಿದ್ಯೆ ಕೊಡುತ್ತಾನೆ. ವ್ಯಾಪಾರದಲ್ಲಿ ಯಾರಿಗೆ ಲಾಭವೆಂದು ಇನ್ನೂ ತಿಳಿದಿಲ್ಲ. ಅವನು ಹೇಳುವುದು ಕೇಳು. ಬಹಳ ಎತ್ತರದ ಗಾಳಿ ಇಲ್ಲಿ ಮೆಲ್ಲಗೆ ಕೆಳಕ್ಕೆ ಕುಸಿಯುತ್ತ, ಕುಸಿದಷ್ಟೂ ಕಾಯುತ್ತ, ಒಣಗುತ್ತ ಬರುತ್ತದಂತೆ. ಕೆಳಗೆ ಈಶಾನ್ಯದ ಕಡಲಗಾಳಿ, ತಣ್ಣಗೆ, ಒದ್ದೆಯಾಗಿ. ತಂಪು ಗಾಳಿ ಭಾರ. ಬಿಸಿಗಾಳಿಯನ್ನು ತಳ್ಳಿ ಮೇಲೇಳಲಾರದು. ಸಾರಿನ ಗಡಿಗೆಗೆ ತಟ್ಟೆ ಮುಚ್ಚಿದ ಹಾಗೆ! ಆವಿಯೆಲ್ಲ ತಟ್ಟೆಗೆ ತಗುಲಿ ಮೋಡ. ಬೇಸಿಗೆಯಲ್ಲಿ ಮುಚ್ಚಳ ಬಿಗಿ, ಚಳಿಗಾಲದಲ್ಲಿ ಸಡಿಲ. ಅದಕ್ಕೇ ಫೆಬ್ರವರಿಯಲ್ಲಿ ನಮಗೆ ಬೆಟ್ಟ ಕಂಡದ್ದು, ಬುದ್ಧಿ ಕಾಣದೆ ಹೋದದ್ದು.

"ಹಾಗಾದ್ರೆ ಸಾರು ಯಾರಪ್ಪ?" ಅಂದೆ.

"ನಿಮ್ಮೂರಿನವರು" ಅಂದ, ನಗದೆ. ಹುಡುಗ ಮುಂದೆ ಬರುತ್ತಾನೆ.

ಜೇನಿನ ವರದಿ: ಹೂವು ಭರ್ತಿ, ತುಪ್ಪ ನೀರಿನಷ್ಟು ತಿಳಿ. ಎಲ್ಲ ಗೂಡುಗಳೂ ಆರೋಗ್ಯ. ಬಂಡೆಗೆ ಒರಗಿಸಿದ ಒಂದು ಮಾತ್ರ ಬೆಳಗಿನ ಜಾವ ತುಸು ಗದ್ದಲ ಮಾಡುತ್ತದೆ. ಬಿಸಿಲೇರಿದ ಮೇಲೆ ಸುಮ್ಮನಾಗುತ್ತದೆ. ಚಿಂತಿಸುವಂಥದ್ದಲ್ಲ.

ಭಾನುವಾರ ನಾನು ಅಂಚಿನ ಕಡೆ ನಡೆದಾಡಲು ಹೋಗುವುದುಂಟು, ಗಾಳಿಗೆ. ಕನ್ನಡಿ ಜೇಬಿನಲ್ಲೇ ಮರೆತು ಉಳಿದಿರುತ್ತದೆ, ಅಷ್ಟೆ.

ಹುರಿಹಿಟ್ಟು ಮುಗಿಯಿತು. ಚಾನೊನ ಕೈಯಲ್ಲಿ ಕಳಿಸು, ಅವನು ದಾರಿಯಲ್ಲಿ ತಿನ್ನುವುದನ್ನೂ ಸೇರಿಸಿ.

ಉಬಾಲ್ದೊ

*

ಲಾ ಫಾಯಾ
4 ಜುಲೈ

ಉಬಾಲ್ದೊ,

ನನ್ನಪ್ಪನ ಗೂಡುಗಳನ್ನು ಲಂಗ ಹಾಕುವ ವಯಸ್ಸಿನಿಂದ ಬಲ್ಲೆ. ಬೆಳಗಿನ ಚಳಿಗೆ ಯಾವ ಜೇನೂ ಗದ್ದಲ ಮಾಡುವುದಿಲ್ಲ, ಮುದುಡಿಕೊಂಡಿರುತ್ತದೆ. ಬೆಳಗಿನ ಜಾವ ಗದ್ದಲ ಮಾಡುವ ಗೂಡು ಯಾವುದೆಂದು ನನಗೆ ಗೊತ್ತು. ಆ ಗೂಡಿನ ಪಕ್ಕದಲ್ಲೇ ಇಷ್ಟು ವರ್ಷ ಮಲಗಿದ್ದೇನೆ.

ಚಾನೊನಿಗೆ ಒಂದಿಡೀ ಗಿಣ್ಣು ಕೊಟ್ಟು ಕೂರಿಸಿ ಕೇಳಿದೆ.

"ಕೆಮ್ತಾನಾ?"

"ನಾನು ಹೋದ ತಕ್ಷಣ ನೀರು ತಗೊಂಬಾ ಅಂತ ಆಚೆ ಕಳಿಸ್ತಾನಕ್ಕ. ಬಂದ ತಕ್ಷಣ ಸೌದೆ ತಗೊಂಬಾ ಅಂತಾನೆ. ನಾನಿರೋ ಅಷ್ಟು ಹೊತ್ತೂ ನಾನಿರಲ್ಲ."

"ಮುಖ ಹೆಂಗಿದೆ?"

"ಕರ್ರಗೆ. ಅದು ಬಿಸಿಲೋ ಇನ್ನೊಂದೋ ನಂಗೆ ಗೊತ್ತಾಗಲ್ಲ. ನಿನ್ನ ಗಿಣ್ಣು ಚೆನ್ನಾಗಿದೆ, ಸುಳ್ಳು ಹೇಳೋಕೆ ಮನಸ್ಸು ಬರ್ತಿಲ್ಲ."

ಒಗೆಯಲು ಬಟ್ಟೆ ಕಳಿಸಿದ್ದೀಯ. ಅಂಗಿ ಇದೆ, ಕಾಲುಚೀಲ ಇದೆ, ಟೋಪಿ ಕೂಡ ಇದೆ. ನಾನು ಇಸ್ತ್ರಿ ಮಾಡಿ ಕೊಟ್ಟ ಕರವಸ್ತ್ರ ಒಂದೂ ಇಲ್ಲ. ಕರವಸ್ತ್ರ ಕಳಿಸು ಉಬಾಲ್ದೊ. ಕಾಗದ ಬೇಡ, ಅದನ್ನು ಕಳಿಸು.

ಒತಿಲಿಯಾ

*

ರೆತಾಮದ ಬಯಲು
18 ಜುಲೈ

ಒತಿಲಿಯಾ,

ಇಗೋ, ಕಳಿಸಿದ್ದೇನೆ. ಎಲ್ಲವೂ ಬಿಳಿ, ಮೋಡದ ಮೇಲ್ಭಾಗದ ಹಾಗೆ. ಮೂಗು ಒರೆಸುವುದಕ್ಕೆ ಬೇರೇನೂ ಇಲ್ಲವೇ ಎಂದು ಕೇಳಬೇಡ, ಅಂಗಿಗೆ ತೋಳೇಕಿದೆ?

ರೆತಾಮದ ಹೂವು ಉದುರುತ್ತಿದೆ. ಗೂಡುಗಳು ಸುಮ್ಮನಿವೆ. ಎಲ್ಲವೂ.

ಉಬಾಲ್ದೊ

*

ಲಾ ಫಾಯಾ
30 ಜುಲೈ

ಉಬಾಲ್ದೊ,

ನಾನು ಕರವಸ್ತ್ರವನ್ನು ನಾಲ್ಕಾಗಿ ಮಡಿಸುತ್ತೇನೆ, ನನ್ನಮ್ಮ ಹಾಗೆ ಕಲಿಸಿದ್ದಳು. ನೀನು ಕಳಿಸಿದವು ಮೂರಾಗಿ ಮಡಿಸಿವೆ. ಬೂದಿನೀರಿನ ವಾಸನೆಯೂ ಇದೆ. ಬಳಸದ ಬಟ್ಟೆಯನ್ನು ಯಾರು ಬಿಚ್ಚುತ್ತಾರೆ, ಯಾರು ಒಗೆಯುತ್ತಾರೆ?

ಫೆಫಾಗೆ ತೋರಿಸಲಿಲ್ಲ. ಅವಳು ಬೇಲಿಗೆ ಬಂದಾಗ ನಾನೇ ಮೊದಲು "ಜೇನು ಚೆನ್ನಾಗಿದೆ" ಅಂದೆ. ಅವಳು "ನಾನು ಕೇಳ್ಲೇ ಇಲ್ವಲ್ಲೇ" ಅಂದಳು. ಒಳಗೆ ಬಂದು ಮಾಡುವ ಕೆಲಸವೆಲ್ಲ ಎರಡೆರಡು ಸಲ ಮಾಡಿದೆ.

ಇನ್ನು ಕೇಳುವುದಿಲ್ಲ. ಹುರಿಹಿಟ್ಟು, ಒಣ ಅಂಜೂರ ಕಳಿಸಿದ್ದೇನೆ. ತಿನ್ನು.

ಒತಿಲಿಯಾ

*

ರೆತಾಮದ ಬಯಲು
9 ಆಗಸ್ಟ್

ಒತಿಲಿಯಾ,

ಈ ಕಾಗದದಲ್ಲಿ ತಮಾಷೆ ಕಡಿಮೆ. ಸೀಲು ಒಡೆದವರು ಬೇರೆಯವರ ಕಾಗದವೆಂದು ಹಿಂತಿರುಗಿಸಬಾರದು.

ಒಗೆದದ್ದು ನಿಜ. ಜೂನಿನಲ್ಲಿ ಒಂದೆರಡು ಸಲ ನೀನು ಜನವರಿಯಲ್ಲಿ ಕಂಡದ್ದೇ ಕಂಡಿತು. ಜುಲೈ ಮೊದಲ ವಾರದಲ್ಲಿ ಇನ್ನೊಮ್ಮೆ. ಆಮೇಲೆ ಇಲ್ಲ. ಕೆಮ್ಮೂ ಇಲ್ಲ. ಹೇಗೆ ನಂಬಿಸಲಿ? ಇಷ್ಟು ದಿನ ಇದ್ದಾಗ ಇಲ್ಲವೆಂದೆ. ಈಗ ಇಲ್ಲದಿದ್ದಾಗ ಇಲ್ಲವೆಂದರೆ ಅದೇ ಅಕ್ಷರ, ಅದೇ ಶಾಯಿ. ಸುಳ್ಳಿಗೂ ನಿಜಕ್ಕೂ ಬೇರೆ ಬೇರೆ ಬಣ್ಣದ ಶಾಯಿ ಮಾಡಿದ್ದರೆ ಗಂಡಂದಿರು ಬಡವಾಗುತ್ತಿದ್ದರು.

ಆದರೆ ಕೇಳು. ತೆಂಕಣ ಹವೆ ಬರುತ್ತದೆ ಎಂದು ಫರ್ಮೀನ್ ಹೇಳಿದ್ದಾನೆ. ಆಫ್ರಿಕಾದ ಮರಳುಗಾಡಿನ ಬಿಸಿ ಮೇಲಿಂದ ಅದುಮಿದಾಗ ಮುಚ್ಚಳ ಕುಸಿದು ಕಡಲಿನ ಮಟ್ಟಕ್ಕೆ ಹೋಗುತ್ತದಂತೆ. ನಮ್ಮೂರು ಬಯಲಿಗೆ ಬೀಳುತ್ತದೆ, ಬೇಸಿಗೆಯ ನಡುವೆ ಬೆಟ್ಟ ಕಾಣುತ್ತದೆ. ಬರುವ ಭಾನುವಾರ, ಹದಿನಾಲ್ಕಕ್ಕೆ. ಸಂಜೆ ಮಾಳಿಗೆಗೆ ಹೋಗು. ತಟ್ಟೆ ಬೆಳಗುವುದಕ್ಕಾದರೂ ಹೋಗು. ನಾನು ಅಂಚಿಗೆ ಬಂದು, ನಿಂತು, ನನ್ನ ಕೈಯಿಂದ ಕನ್ನಡಿ ಮಿಂಚಿಸುತ್ತೇನೆ. ಅಂಚಿನ ತನಕ ಏರು ಹತ್ತಿ ಬರುವವನ ಎದೆ ಹೇಗಿರಬೇಕೆಂದು ನೀನೇ ಲೆಕ್ಕ ಹಾಕಿಕೊ. ಕಾಗದ ಸುಳ್ಳು ಹೇಳೀತು, ಕನ್ನಡಿ ಹೇಳಲಾರದು.

ನೀನೂ ತಟ್ಟೆ ಮಿಂಚಿಸು. ನೀನು ನಿನ್ನ ಬಗ್ಗೆ ಈ ಮೂರು ತಿಂಗಳಲ್ಲಿ ಒಂದು ಸಾಲೂ ಬರೆದಿಲ್ಲ.

ನಿನ್ನ
ಉಬಾಲ್ದೊ

*

ಲಾ ಫಾಯಾ
15 ಆಗಸ್ಟ್, ಸೋಮವಾರ

ಉಬಾಲ್ದೊ,

ಇದನ್ನು ಯಾರ ಕೈಯಲ್ಲೂ ಕಳಿಸುತ್ತಿಲ್ಲ. ಚಾನೊ ಬಂದರಿಗೆ ಹೋಗಿದ್ದಾನೆ. ಅಡುಗೆಮನೆಯ ಮೇಜಿನ ಮೇಲೆ, ತಾಮ್ರದ ತಟ್ಟೆಯಡಿ ಇಡುತ್ತೇನೆ. ಯಾರು ಓದುತ್ತಾರೋ.

ನೀನು ಹೇಳಿದ್ದು ಎಲ್ಲ ಸರಿಹೋಯಿತು. ನಿನ್ನೆ ಬೆಳಿಗ್ಗೆ ಮೋಡ ಇಳಿಯಿತು, ನಮ್ಮ ಬಾಳೆತೋಟಗಳಿಗಿಂತ ಕೆಳಗೆ. ಊರಿಗೆ ಊರೇ ಬಾಗಿಲು ತೆರೆದ ಒಲೆಯಾಯಿತು. ಮಕ್ಕಳು ಬೆಟ್ಟವನ್ನು ಕಂಡು ಕಿರುಚಿದರು. ಮಧ್ಯಾಹ್ನದಿಂದ ತಟ್ಟೆ ಹಿಡಿದು ಮಾಳಿಗೆಯಲ್ಲಿ ನಿಂತೆ. ಸಂಜೆ ಫೆಫಾ ತಾನೇ ಮೆಟ್ಟಿಲು ಹತ್ತಿ ಬಂದು ಪಕ್ಕದಲ್ಲಿ ನಿಂತಳು. ನನ್ನ ಜೊತೆ ಬೆಟ್ಟವನ್ನೇ ನೋಡಿದಳು.

ಬಡಗಿ ಗಂಟೆ ಹೊಡೆದ. ಬೆಟ್ಟ ಅಲ್ಲೇ ಇತ್ತು. ಅಂಚು ಕಾಣುತ್ತಿತ್ತು, ಮಸುಕಾಗಿ, ಕಂದು ಆಕಾಶಕ್ಕೆ ಒರಗಿ. ಏನೂ ಮಿಂಚಲಿಲ್ಲ. ಕತ್ತಲಾಗುವ ತನಕ ಏನೂ ಮಿಂಚಲಿಲ್ಲ.

"ಮಂಡಿ ನೋವಿರ್ಬೋದು ಕಣೆ" ಅಂದಳು ಫೆಫಾ. ಅವಳ ದನಿ ಕೇಳಿದ್ದರೆ!

ಬೆಳಿಗ್ಗೆ ಗಾಳಿ ತಿರುಗಿದೆ, ಮೋಡ ಮತ್ತೆ ತನ್ನ ಜಾಗಕ್ಕೆ ಬಂದು ಕೂತಿದೆ. ಮೇಕೆಯನ್ನು ಫೆಫಾಗೆ ಒಪ್ಪಿಸಿದ್ದೇನೆ. ಹೊರಟೆ. ಹಲಗೆ ಬೇಕಾದೀತೇ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಒತಿಲಿಯಾ

*

ಲಾ ಫಾಯಾ, ನಿನ್ನದೇ ಅಡುಗೆಮನೆ
16 ಆಗಸ್ಟ್

ಒತಿಲಿಯಾ, ಎಲ್ಲಿದ್ದೀಯ ಮಾರಾಯ್ತಿ!

ಧೂಳು! ಮರಳುಗಾಡಿನ ಧೂಳು! ಫರ್ಮೀನ್ ಬಿಸಿಯ ಲೆಕ್ಕ ಹಾಕಿದ, ಧೂಳಿನ ಲೆಕ್ಕ ಮರೆತ. ನಾನು ಅಂಚಿನಲ್ಲೇ ನಿಂತಿದ್ದೆ, ಮಧ್ಯಾಹ್ನದಿಂದ. ಸಂಜೆಯ ಹೊತ್ತಿಗೆ ಸೂರ್ಯ ಬೇಯಿಸಿದ ಕುಂಬಳಕಾಯಿಯ ಹೋಳಾಗಿದ್ದ. ಕನ್ನಡಿಗೆ ಮಿಂಚಲು ಅವನಲ್ಲಿ ಏನೂ ಉಳಿದಿರಲಿಲ್ಲ. ಅದು ಹೊಳೆಯುವಷ್ಟು ಬುದ್ಧಿ ಆಗ ನನಗಿರಲಿಲ್ಲ. ನನಗೆ ಕಂಡದ್ದು ಒಂದೇ: ಕೆಳಗೆ ಊರಿದೆ, ತಟ್ಟೆಯಿಲ್ಲ. ಮೂರು ತಿಂಗಳು ನನ್ನೆದೆಯನ್ನೇ ಕೇಳಿದವಳು ತನಗೇನೋ ಆಗಿದ್ದರೆ ಹೇಳುವವಳೇ ಅಲ್ಲ. ಬೆಳಗಾಗುತ್ತಲೇ ಜೇನನ್ನು ಫರ್ಮೀನನಿಗೆ ಒಪ್ಪಿಸಿ ಓಡಿದೆ. ಓಡಿದೆ ಅಂದೆ, ಗಮನಿಸು.

ಬಾಗಿಲಲ್ಲಿ ಫೆಫಾ ನನ್ನನ್ನು ಕಂಡು ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ಅತ್ತಳು. ಆಮೇಲೆ ನಿನ್ನ ಮೇಕೆಗೆ ಬೈದಳು. "ಅವ್ಳು ನಿನ್ನ ತರೋಕೆ ಹೋದ್ಳಲ್ಲೋ ಮುಠ್ಠಾಳ!" ಎಂದಳು. ತಟ್ಟೆಯಡಿಯ ಕಾಗದ ಓದಿದೆ. ಎರಡು ಸಲ ಓದಲಾಗಲಿಲ್ಲ.

ದಾರಿ ಒಂದೇ. ಹಾಗಾದರೆ ನೀನು ಎಲ್ಲಿ ತಪ್ಪಿದೆ? ಪೈನ್ ಕಾಡಿನ ಮೋಡದೊಳಗೆ, ತಿರುವಿನಲ್ಲಿ, ಕಂಬಳಿ ಕೊಪ್ಪೆ ಹೊದ್ದು ಬಾಗಿ ಏರುತ್ತಿದ್ದ ಒಬ್ಬ ಮುದುಕಿ ಮಾತ್ರ ಎದುರಾದಳು. "ಹುಷಾರಜ್ಜಿ, ಮುಂದೆ ಜಾರುತ್ತೆ" ಅಂದೆ. "ನೀನೂ ಹುಷಾರಪ್ಪ" ಅಂದಳು, ದನಿ ಕಟ್ಟಿತ್ತು, ಅತ್ತವಳ ಹಾಗೆ. ನಾನು ನಿಲ್ಲಲಿಲ್ಲ. ನಿನ್ನ ಹತ್ತಿರ ಬರುವ ಆತುರ.

ಒತಿಲಿಯಾ, ಆ ಮುದುಕಿ ನೀನೇ?

ಚಾನೊ ಬಂದರಿನಿಂದ ಬಂದಿದ್ದಾನೆ, ಈಗಲೇ ಮೇಲೆ ಬರುತ್ತಾನೆ. ನೀನು ಅಲ್ಲೇ ಇರು. ಅಥವಾ ಇಳಿದು ಬಾ. ಅಥವಾ ನಾನೇ ಬರಲೋ? ಇಲ್ಲಿ ಹಾಸಿಗೆ ನೀನು ಹೇಳಿದಷ್ಟೇ ಒದ್ದೆ. ನಾನು ಚೆನ್ನಾ●ಗಿದ್ದೇನೆ.

ಉಬಾಲ್ದೊ

*

ರೆತಾಮದ ಬಯಲು, ನಿನ್ನದೇ ಗುಡಿಸಲು
17 ಆಗಸ್ಟ್

ಅಜ್ಜಿಯಂತೆ! ಕೆಳಗೆ ಸಿಕ್ಕಾಗ ಮಾತಾಡಿಕೊಳ್ಳುತ್ತೇನೆ.

ಉಬಾಲ್ದೊ, ಗುಡಿಸಲಿಗೆ ಬಂದಾಗ ನೀನಿರಲಿಲ್ಲ. ಒಲೆ ತಣ್ಣಗಿತ್ತು. ಹಾಸಿಗೆ ಮಡಿಸಿತ್ತು. ಆ ಹೊತ್ತು ಹೇಗಿತ್ತೆಂದು ಬರೆಯುವುದಿಲ್ಲ. ಗೂಡಿನ ಪಕ್ಕದಲ್ಲಿ ಕೂತಿದ್ದಾಗ ಫರ್ಮೀನ್ ಬಂದು, "ನಿನ್ನೆ ಬೆಳಿಗ್ಗೆ ಕೆಳಗೆ ಓಡಿದ್ರಲ್ಲಮ್ಮ, ಮೇಕೆಮರಿ ಥರ" ಅಂದ. ನಾನು ಅವನ ಕೈ ಹಿಡಿದುಕೊಂಡೆ. ಹುಡುಗ ಹೆದರಿದ.

ತಿರುವಿನಲ್ಲಿ ಸಿಕ್ಕ ಮುದುಕಿ ನಾನೇ. ನಿನ್ನ ಕಂಬಳಿ ಕಂಡೆ, ಗಡ್ಡ ಕಂಡೆ. ಈ ಬೆಟ್ಟದಲ್ಲಿ ಎಲ್ಲರಿಗೂ ಅದೇ ಕಂಬಳಿ, ಅದೇ ಗಡ್ಡ. ಇಷ್ಟು ವರ್ಷ ನಿನ್ನನ್ನು ನಾನು ಕಣ್ಣಿನಿಂದ ಗುರುತಿಸಿದ್ದು ಯಾವಾಗ? ಬೀದಿಯ ತುದಿಯಲ್ಲಿ ಕೆಮ್ಮು ಕೇಳಿದರೆ ಸಾರು ಬಿಸಿಗಿಡುತ್ತಿದ್ದೆ. ಆ ಮೋಡದೊಳಗೂ ಕಿವಿಯೆಲ್ಲ ಅದಕ್ಕೇ ಇಟ್ಟುಕೊಂಡು ಹತ್ತುತ್ತಿದ್ದೆ. ಎದುರಾದವನು ಕೆಮ್ಮಲಿಲ್ಲ. ಹಾಗಾಗಿ ನೀನಲ್ಲ. ದನಿ ಮಾತ್ರ ಎಲ್ಲೋ ಕೇಳಿದ್ದೇನೆ ಅನ್ನಿಸಿತು. ಎಷ್ಟೋ ದೂರ ನಡೆದ ಮೇಲೆ ನೆನಪಾಯಿತು: ಸೆಮಿನರಿಯಿಂದ ರಜೆಗೆ ಬಂದು ನಮ್ಮ ಚರ್ಚಿನಲ್ಲಿ ಹಾಡುತ್ತಿದ್ದ ಹುಡುಗನ ದನಿ. ಅವನ ಹೆಂಡತಿ ಪುಣ್ಯವಂತೆ ಅಂದುಕೊಂಡೆ. ಹೊಟ್ಟೆಕಿಚ್ಚೂ ಆಯಿತು.

ನಂಬಿದೆ. ಕನ್ನಡಿ ಬೇಕಾಗಲಿಲ್ಲ.

ಈಗ ನಿನ್ನ ಕಾಗದ. ಕೊನೆಯಲ್ಲಿ, "ಚೆನ್ನಾಗಿದ್ದೇನೆ" ಎಂಬಲ್ಲಿ, ನಡುವೆ ಶಾಯಿ ಹಾರಿದೆ. ನೀನು ಕೆಮ್ಮಿದಾಗ ಲೇಖನಿ ಹಾಗೆ ಹಾರುತ್ತದೆಂದು ನನಗೆ ಗೊತ್ತು. ಒಂದೇ ರಾತ್ರಿ ಉಬಾಲ್ದೊ, ಆ ಮುಚ್ಚಳದಡಿ ಒಂದೇ ರಾತ್ರಿ.

ಆ ಮನೆ ನನ್ನಮ್ಮನದು, ಸತ್ತರೂ ಬಿಡುವುದಿಲ್ಲ ಎಂದಿದ್ದೆ. ಸಾಯುವುದು ಯಾರೆಂದು ಆಗ ಯೋಚಿಸಿರಲಿಲ್ಲ. ಆಲೂಗಡ್ಡೆ ತೋಟ ಫೆಫಾ ನೋಡಿಕೊಳ್ಳಲಿ, ಬೀಗದ ಕೈಯೂ ಅವಳಿಗೆ. ಗಂಟೆ ಬಡಗಿಗೇ ಇರಲಿ, ಊರು ಸಹಿಸಿಕೊಳ್ಳುತ್ತದೆ. ಹಿಮ ಬೀಳುವ ತನಕ ಇಲ್ಲಿರೋಣ. ಚಳಿಗಾಲಕ್ಕೆ ಬೆಟ್ಟದ ಆಚೆ ಮಗ್ಗುಲು, ವಿಲಾಫ್ಲೋರ್. ಅಲ್ಲಿಗೆ ಮೋಡ ಏರುವುದಿಲ್ಲವಂತೆ, ಫರ್ಮೀನ್ ಹೇಳಿದ. ಜೇನಿಗೂ ಒಳ್ಳೆಯದು. ನನ್ನ ಚರ್ಮ ಈಗಲೇ ಬಿರಿಯುತ್ತಿದೆ. ಬಿರಿಯಲಿ. ನಾನು ಅಜ್ಜಿ ತಾನೆ?

ಈ ಕಾಗದ ಓದಿದ ತಕ್ಷಣ ಹೊರಡು. ಮೇಕೆ ತಾ, ನನ್ನ ಇಸ್ತ್ರಿಪೆಟ್ಟಿಗೆ ತಾ, ತಾಮ್ರದ ತಟ್ಟೆ ತಾ. ಆ ಹಾಸಿಗೆಯಲ್ಲಿ ಇನ್ನೊಂದು ರಾತ್ರಿ ಮಲಗಬೇಡ. ನಾನು ಮೋಡದೊಳಕ್ಕೆ ಇಳಿದು ಬಂದು ಅದೇ ತಿರುವಿನಲ್ಲಿ ಕಾಯುತ್ತೇನೆ.

ಆದರೆ ಅಲ್ಲಿ ಒಬ್ಬರಿಗೊಬ್ಬರು ಕಾಣುವುದಿಲ್ಲ. ಕಂಬಳಿ ಹೊದ್ದವರು ಯಾರಾದರೂ ಎದುರಾದರೆ ಸುಮ್ಮನೆ ದಾಟಿ ಹೋಗಬೇಡ. ಸುಳ್ಳಿಗಾದರೂ ಒಮ್ಮೆ ಕೆಮ್ಮು.

ನಿನ್ನ
ಒತಿಲಿಯಾ